ರಸಾಯನ ಪ್ರಯೋಗ ನೋಡಿದವರ ಮನಸ್ಸಿನಲ್ಲಿ ರಸಾಯನವೂ ಉಳಿಯುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಾನು ರಸಾಯನಶಾಸ್ತ್ರದ ಅಧ್ಯಾಪಕ. ಬಿಡುವಿನ ದಿನಗಳಲ್ಲಿ ಸಾರ್ವಜನಿಕರ ಮುಂದೆ ಪ್ರಯೋಗಗಳನ್ನು ಮಾಡಿ ತೋರಿಸುತ್ತೇನೆ. ಹೈಡ್ರೋಜನ್ ಪೆರಾಕ್ಸೈಡಿನಿಂದ ನೊರೆ ಉಕ್ಕಿಸಿದಾಗ, ಲೋಹದ ಲವಣಗಳಿಂದ ಜ್ವಾಲೆಗೆ ಬಣ್ಣ ಬರಿಸಿದಾಗ ಚಪ್ಪಾಳೆಗೆ ಕೊರತೆಯಿಲ್ಲ. ಆದರೆ ಕೊನೆಯಲ್ಲಿ ಮಾತನಾಡಿಸಿದರೆ, ನೊರೆ ಎಷ್ಟು ಎತ್ತರಕ್ಕೆ ಏರಿತೆಂಬುದು ಎಲ್ಲರಿಗೂ ನೆನಪಿರುತ್ತದೆ. ಅದರೊಳಗಿದ್ದ ಅನಿಲ ಯಾವುದೆಂಬುದು ಯಾರಿಗೂ ನೆನಪಿರುವುದಿಲ್ಲ. ವಿವರಣೆಯನ್ನು ಹಿಗ್ಗಿಸಿದರೆ ಗಮನ ಚದುರುತ್ತದೆ, ಕುಗ್ಗಿಸಿದರೆ ಜಾದೂ ಪ್ರದರ್ಶನವಾಗುತ್ತದೆ. ಅನುಭವವಿರುವವರು ಇದನ್ನು ಹೇಗೆ ನಿಭಾಯಿಸುತ್ತೀರಿ?

ಉತ್ತರ 1

ವಿವರಣೆ ಎಷ್ಟು ಉದ್ದ ಎನ್ನುವುದಕ್ಕಿಂತ, ಪ್ರಯೋಗಕ್ಕೆ ಮುಂಚೆ ನೀವು ಏನು ಕೇಳುತ್ತೀರಿ ಎನ್ನುವುದೇ ಮುಖ್ಯವೆಂದು ನನ್ನ ಅನಿಸಿಕೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು ಭೌತಶಾಸ್ತ್ರದ ತರಗತಿಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಯೋಗವನ್ನು ಸುಮ್ಮನೆ ನೋಡಿದವರ ತಿಳಿವಳಿಕೆ ಅದನ್ನು ನೋಡದವರಿಗಿಂತ ಹೆಚ್ಚೇನೂ ಇರಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿ ನೋಡಿದವರ ತಿಳಿವಳಿಕೆ ಹೆಚ್ಚಿತ್ತು.

ನಾನು ಮೇಣದಬತ್ತಿಯಿಂದ ಆರಂಭಿಸಿ, ಉರಿಯುತ್ತಿರುವುದು ದಾರವೋ ಮೇಣವೋ ಎಂದು ಕೇಳಿ ಕೈ ಎತ್ತಿಸುತ್ತೇನೆ. ಆಮೇಲೆ ಬತ್ತಿಯನ್ನು ಊದಿ ಆರಿಸಿ, ದಾರಕ್ಕೆ ತಾಗಿಸದೆ, ಮೇಲೇಳುವ ಬಿಳಿ ಹೊಗೆಗೆ ಮಾತ್ರ ಉರಿಯುವ ಕಡ್ಡಿಯನ್ನು ಹಿಡಿಯುತ್ತೇನೆ. ಮೇಣದ ಆವಿಯೇ ತಣಿದು ಆ ಹೊಗೆಯಾಗಿರುವುದರಿಂದ ಜ್ವಾಲೆ ಅದರ ಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ತಮ್ಮ ಊಹೆ ತಪ್ಪಾದವರು ತಾವಾಗಿಯೇ ಕಾರಣ ಕೇಳುತ್ತಾರೆ. ಮೈಕೆಲ್ ಫ್ಯಾರಡೆ 1860ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಆರಂಭಿಸಿದ ಉಪನ್ಯಾಸಮಾಲೆಗೆ ಮೇಣದಬತ್ತಿಯೊಂದೇ ವಸ್ತುವಾಗಿತ್ತು.

ಉತ್ತರ 2

ಮೇಲಿನ ಮಾತು ಸರಿ, ಆದರೆ ನಾವು ಕೊಡುವ ವಿವರಣೆಯೂ ಸರಿಯಾಗಿರಬೇಕು. ನೀರಿನ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿಯ ಮೇಲೆ ಲೋಟ ಕವುಚಿದಾಗ ನೀರು ಒಳಗೇರುವುದನ್ನು ತೋರಿಸಿ, ಆಮ್ಲಜನಕ ಖರ್ಚಾಗಿ ಅದರ ಜಾಗಕ್ಕೆ ನೀರು ಬಂತೆಂದು ಅನೇಕರು ಇಂದಿಗೂ ಹೇಳುತ್ತಾರೆ. ಹಾಗಿದ್ದರೆ ಬತ್ತಿ ಉರಿಯುತ್ತಿರುವಾಗಲೇ ನೀರು ಒಂದೇ ಸಮನೆ ಏರಬೇಕಿತ್ತು. ವಾಸ್ತವದಲ್ಲಿ ಅದು ಹೆಚ್ಚಾಗಿ ಏರುವುದು ಜ್ವಾಲೆ ಆರಿ, ಬಿಸಿಯಾಗಿ ಹಿಗ್ಗಿದ್ದ ಗಾಳಿ ತಣಿದು ಕುಗ್ಗುವಾಗ. ಒಂದರ ಬದಲು ಮೂರು ಬತ್ತಿಗಳನ್ನಿಟ್ಟು ನೋಡಲು ಪ್ರೇಕ್ಷಕರಿಗೇ ಹೇಳಿ: ಲೋಟ ಅದೇ, ಗಾಳಿ ಅಷ್ಟೇ, ಆದರೂ ನೀರು ಇನ್ನಷ್ಟು ಮೇಲೇರುತ್ತದೆ.

ಬಣ್ಣದ ಜ್ವಾಲೆಯ ಬಗ್ಗೆ ಒಂದು ಕಳಕಳಿಯ ವಿನಂತಿ. ಅದಕ್ಕೆ ಮೆಥನಾಲ್ ಬಳಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಜ್ವಾಲೆ ಆರಿತೆಂದು ಭಾವಿಸಿ ಬಾಟಲಿಯಿಂದ ಮತ್ತೆ ಸುರಿದಾಗ ಆವಿಯ ಮೂಲಕ ಬೆಂಕಿ ಬಾಟಲಿಗೆ ನುಗ್ಗಿ, ಎದುರಿಗೆ ಕುಳಿತ ಮಕ್ಕಳು ತೀವ್ರವಾಗಿ ಸುಟ್ಟುಕೊಂಡ ಅವಘಡಗಳು ನಡೆದಿವೆ; ಅಮೆರಿಕದ ರಾಸಾಯನಿಕ ಸುರಕ್ಷಾ ಮಂಡಳಿ 2014ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಲವಣದ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದ ಮರದ ಕಡ್ಡಿಯನ್ನು ಬರ್ನರಿನ ಜ್ವಾಲೆಗೆ ಹಿಡಿದರೂ ಅದೇ ಬಣ್ಣಗಳು ಕಾಣುತ್ತವೆ.

ಉತ್ತರ 3

ನೊರೆಯನ್ನು ಚಿಕ್ಕದು ಮಾಡಿ ಪ್ರೇಕ್ಷಕರ ಕೈಗೇ ಕೊಡಿ. ಸುರಕ್ಷಾ ಕನ್ನಡಕ ಹಾಕಿಸಿ, ಪ್ರತಿಯೊಬ್ಬರಿಗೂ ಒಂದು ಪ್ರನಾಳದಲ್ಲಿ ಶೇಕಡಾ 3ರ ಪೆರಾಕ್ಸೈಡ್ ಸ್ವಲ್ಪ ಕೊಟ್ಟು, ನೀರಿನಲ್ಲಿ ಕದಡಿದ ಯೀಸ್ಟನ್ನು ಅವರಿಂದಲೇ ಹಾಕಿಸಿ. ಗುಳ್ಳೆಗಳು ಏಳುವಾಗ ಪ್ರನಾಳ ಬೆಚ್ಚಗಾಗುವುದು ಬೆರಳಿಗೆ ತಿಳಿಯುತ್ತದೆ. ತುದಿಯಲ್ಲಿ ಕೆಂಡವಿರುವ ಕಡ್ಡಿಯನ್ನು ನೀವು ಒಳಗಿಳಿಸಿದಾಗ ಅದು ಭಗ್ಗನೆ ಹೊತ್ತಿಕೊಂಡರೆ ಅನಿಲ ಆಮ್ಲಜನಕವೆಂದು ನೀವು ಹೇಳಬೇಕಾಗಿಯೇ ಇಲ್ಲ. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ, ಯೀಸ್ಟಿನಲ್ಲಿರುವ ಕೆಟಲೇಸ್ ಕಿಣ್ವ ನಮ್ಮ ರಕ್ತದಲ್ಲೂ ಇರುವುದರಿಂದಲೇ ಗಾಯಕ್ಕೆ ಪೆರಾಕ್ಸೈಡ್ ತಗುಲಿದರೆ ನೊರೆ ಬರುತ್ತದೆ ಎಂದು ಸೇರಿಸಿದರೆ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಲೋಟದ ಪ್ರಯೋಗದಲ್ಲಿ ನಾನೂ ಆ ತಪ್ಪು ವಿವರಣೆಯನ್ನೇ ಕೊಡುತ್ತಿದ್ದೆ, ತಿದ್ದಿಕೊಳ್ಳುತ್ತೇನೆ. ಎತ್ತರದ ನೊರೆಯನ್ನು ಪೂರ್ತಿಯಾಗಿ ಕೈಬಿಡಬೇಕೇ?

ಉತ್ತರ 3

ಬೇಡ, ಕೊನೆಗೆ ಇಟ್ಟುಕೊಳ್ಳಿ. ಶೇಕಡಾ 30ರ ಪೆರಾಕ್ಸೈಡ್ ಚರ್ಮವನ್ನು ಸುಡುವುದರಿಂದ ಕೈಗವಸು ತೊಟ್ಟು ನೀವೊಬ್ಬರೇ ಮಾಡಿ. ಅದಕ್ಕೆ ಮೊದಲು, ಈ ಸಿಲಿಂಡರಿನಲ್ಲಿ ಏನಾಗುತ್ತದೆಂದು ಪ್ರನಾಳ ಹಿಡಿದಿದ್ದವರಲ್ಲೊಬ್ಬರು ಉಳಿದವರಿಗೆ ವಿವರಿಸಲಿ.