ಮಾದರಿ ಪಿಸ್ತೂಲಿನ ಮರದ ಹಿಡಿ ಕುತ್ತಿಗೆಯಲ್ಲೇ ಸೀಳುತ್ತಿದೆ, ಏನು ಮಾಡಲಿ?

ಮೂಡಿಗೆರೆಯಿಂದ
ಎಲ್ಲರಿಗೂ ನಮಸ್ಕಾರ. ಗೋಡೆಗೆ ತೂಗುಹಾಕಲು ಟಿಪ್ಪು ಕಾಲದ ಚಕಮಕಿ ಪಿಸ್ತೂಲಿನ ಮಾದರಿ ಕೆತ್ತುತ್ತಿದ್ದೇನೆ. ನಳಿಗೆಯೂ ಗಟ್ಟಿ ಮರವೇ, ತೂತಿಲ್ಲ. ಪಕ್ಕದ ತಗಡು ಮಾತ್ರ ಹಿತ್ತಾಳೆ. ಏಪ್ರಿಲ್ ಮರಗಸಿಯಲ್ಲಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವಾಗ, ಬಿದ್ದ ಸಿಲ್ವರ್ ಓಕ್ ಕೊಂಬೆಯನ್ನು ಕಾಫಿ ಕಣದಲ್ಲಿ ಮೂರು ವಾರ ಬಿಸಿಲಿಗಿಟ್ಟು ಕೆತ್ತಿದೆ. ಹಿಡಿ ಬಾಗುವ ಕುತ್ತಿಗೆಯಲ್ಲಿ ಸೀಳು ಬಂತು. ಅಂಟು ಹಾಕಿ ಬಿಗಿದೆ. ವಾರದಲ್ಲಿ ಪಕ್ಕದಲ್ಲೇ ಇನ್ನೊಂದು. ಇದು ಎರಡನೇ ಹಿಡಿ. ಅಂಟೇ ಸರಿಯಿಲ್ಲವಾ?

ಸಕಲೇಶಪುರದಿಂದ
ಅಂಟನ್ನು ಆಮೇಲೆ ನೋಡೋಣ. ಕುತ್ತಿಗೆಯಲ್ಲಿ ಮರದ ಎಳೆ ಯಾವ ಕಡೆ ಓಡುತ್ತದೆ? ಕೊಂಬೆಯ ನಡುವಿನ ತಿರುಳು ಹಿಡಿಯೊಳಗೇ ಉಳಿದಿದೆಯಾ?

ಮೂಡಿಗೆರೆಯಿಂದ
ಎಳೆ ನಳಿಗೆಯ ಉದ್ದಕ್ಕೆ ನೇರ ಇದೆ. ಕುತ್ತಿಗೆಯಲ್ಲಿ ಅಡ್ಡ ತುಂಡಾಗಿದೆ. ತಿರುಳೂ ಒಳಗಿದೆ.

ಸಕಲೇಶಪುರದಿಂದ
ಹಾಗಾದರೆ ಅಂಟಿನ ತಪ್ಪಲ್ಲ ಅಣ್ಣ. ಒಣಗುವಾಗ ಮರ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ತಿರುಳು ಉಳಿದ ತುಂಡು ಎಲ್ಲಾದರೂ ಬಾಯಿ ಬಿಡಲೇಬೇಕು. ಬಿಸಿಲಲ್ಲಿ ಹೊರಮೈ ಬೇಗ ಒಣಗಿ ಬಿಗಿಯಿತು, ಒಳಗಿನ್ನೂ ಹಸಿ. ಮೇಲಾಗಿ ಎಳೆ ತುಂಡಾದ ಕುತ್ತಿಗೆಯೇ ತೆಳ್ಳಗಿನ ಜಾಗ ಅಲ್ವಾ, ಸೀಳು ಅಲ್ಲಿಗೇ ಓಡುತ್ತದೆ.

ನೇಗಿಲು ಮಾಡುವ ಆಚಾರಿಗಳನ್ನು ನೋಡಿ. ನೇರ ಮರವನ್ನು ಕಡಿದು ಬಾಗಿಸುವುದಿಲ್ಲ, ಬಾಗಿ ಬೆಳೆದದ್ದನ್ನೇ ಹುಡುಕುತ್ತಾರೆ. ನೀವೂ ಹಾಗೇ ಮಾಡಿ. ಬಾಗಿದ ದಪ್ಪ ಹಲಸಿನ ಕೊಂಬೆ ಸಿಕ್ಕರೆ ತಿರುಳಿನ ಪಕ್ಕಕ್ಕೆ ಸೀಳಿ, ತಿರುಳಿಲ್ಲದ ಹೋಳು ಇಟ್ಟುಕೊಳ್ಳಿ. ಎರಡೂ ತುದಿಗೆ ಮೇಣ ಬಳಿಯಿರಿ, ನೀರು ಬೇಗ ಹೊರಡುವುದು ಅಲ್ಲಿಂದಲೇ. ಆಮೇಲೆ ಅಟ್ಟಕ್ಕೆ ಹಾಕಿ. ಒಲೆಯ ನೇರ ಮೇಲೆ ಬೇಡ, ಸ್ವಲ್ಪ ಪಕ್ಕಕ್ಕೆ. ನೆರಳಲ್ಲಿ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಲೆಕ್ಕಕ್ಕಿಂತ ತಕ್ಕಡಿ ನಂಬಿ. ವಾರ ವಾರ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಉಳಿ ಹಿಡಿಯಿರಿ. ಮಳೆಗಾಲದಲ್ಲಿ ತೂಕ ನಿಂತರೆ ನಂಬಬೇಡಿ, ಗಾಳಿಯೇ ಒದ್ದೆ. ಜನವರಿಯಲ್ಲಿ ಇನ್ನೊಮ್ಮೆ ನೋಡಿ.

ಬೇಲೂರಿನಿಂದ
ನಳಿಗೆಗೆ ಕಬ್ಬಿಣದ ಪೈಪ್ ಹಾಕಿದರೆ ನಿಜವಾದದ್ದರ ಹಾಗೆ ಕಾಣುತ್ತದಲ್ಲ?

ಸಕಲೇಶಪುರದಿಂದ
ದಯವಿಟ್ಟು ಬೇಡ. ಹಳೆಯ ಕಾಲದ ಮಾದರಿಯಾದರೂ ಸರಿ, ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಸುಮ್ನೆ ನೋಡಲಿಕ್ಕೆ ಅಂತ ಹಾಕಿದ ಪೈಪಿಗೆ ಮುಂದೆ ಯಾರೋ ಹುಡುಗರು ಮದ್ದು ತುಂಬಿದರೆ ಕೈ ಹೋಗುತ್ತದೆ. ಗಟ್ಟಿ ಮರವೇ ಇರಲಿ, ಕಪ್ಪು ಬಣ್ಣ ಸಾಕು.

ಮೂಡಿಗೆರೆಯಿಂದ
ನಳಿಗೆ ಮರದ್ದೇ, ಅದರಲ್ಲಿ ಎರಡು ಮಾತಿಲ್ಲ. ಇನ್ನೊಂದು ಕೇಳಬೇಕಿತ್ತು. ಹಿತ್ತಾಳೆ ತಗಡು ಗುಳಿಯಲ್ಲಿ ಕೂರುತ್ತಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ.

ಸಕಲೇಶಪುರದಿಂದ
ದೀಪದ ಕಪ್ಪನ್ನು ಹರಳೆಣ್ಣೆಯಲ್ಲಿ ಕಲಸಿ ತಗಡಿನ ಹಿಂಬದಿಗೆ ತೆಳ್ಳಗೆ ಸವರಿ. ಗುಳಿಯಲ್ಲಿಟ್ಟು ಒತ್ತಿ ತೆಗೆಯಿರಿ. ಕಪ್ಪು ಅಂಟಿದ ಜಾಗ ಎತ್ತರ ಇದೆ ಅಂತ ಅರ್ಥ. ಅಷ್ಟನ್ನೇ ಹೆರೆಯಿರಿ. ಇಪ್ಪತ್ತು ಸಲ ಮಾಡಬೇಕಾಗಬಹುದು, ಅವಸರ ಬೇಡ. ಒಂದು ಸಲ ಜಾಸ್ತಿ ತೆಗೆದರೆ ಮರ ವಾಪಸ್ ಬರುವುದಿಲ್ಲ.

ಮೂಡಿಗೆರೆಯಿಂದ
ಹಾಳಾದ ಹಿಡಿಯ ಮೇಲೇ ಅಭ್ಯಾಸ ಮಾಡಿದೆ, ತಗಡು ಕೂತಿತು! ಹಲಸಿನ ಹೋಳು ಅಟ್ಟ ಸೇರಿದೆ. ಮೊದಲ ತೂಕ 1 ಕೆಜಿ 640 ಗ್ರಾಂ. ಭಾನುವಾರ ಮತ್ತೆ ತೂಗುತ್ತೇನೆ.