ಹೊನಲು ಬೆಳಕಿನ ಕಬಡ್ಡಿ: ಕಸ, ಕರೆಂಟು, ಊಟ, ಬಸ್ಸು. ಅನುಭವ ಇದ್ದವರು ಹೇಳಿ

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕು, ಕ್ಲಬ್ ಕಾರ್ಯದರ್ಶಿ)

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಮ್ಮ ಕ್ಲಬ್ಬಿನ ಬೆಳ್ಳಿಹಬ್ಬ. ಶಾಲೆಯ ಮೈದಾನದಲ್ಲಿ ಶನಿವಾರ, ಭಾನುವಾರ ಎರಡು ರಾತ್ರಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇಟ್ಟುಕೊಂಡಿದ್ದೇವೆ. ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರದಿಂದಲೂ ತಂಡಗಳು ಬರುತ್ತವೆ. ಇಂಥ ಪಂದ್ಯಾಟ ಮುಗಿದ ಮರುದಿನ ಮೈದಾನ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೋಮವಾರ ಬೆಳಿಗ್ಗೆ ಅದೇ ಮೈದಾನಕ್ಕೆ ಮಕ್ಕಳು ಅಸೆಂಬ್ಲಿಗೆ ಬರಬೇಕು. ಒಲಿಂಪಿಕ್ಸ್, ವಿಶ್ವಕಪ್ಪಿನಂಥ ಕೂಟಗಳಲ್ಲಿ ಪರಿಸರಕ್ಕೆಂದೇ ಯೋಜನೆ ಮಾಡುತ್ತಾರೆ ಎಂದು ಓದಿದ್ದೇನೆ. ಅದರಲ್ಲಿ ನಮ್ಮಂಥವರ ಕೈಗೆ ಎಟಕುವುದು ಯಾವುದು? ಕೆಲಸ ಮಾಡಿದವರು, ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಉತ್ತರ (ದೋಹಾ, ಊರು ಉಪ್ಪಳ)

ಅಣ್ಣಾ, ಇಲ್ಲಿ ಕತಾರಿನಲ್ಲಿ ನಡೆದ 2022ರ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ನಾನು ಸ್ವಯಂಸೇವಕನಾಗಿದ್ದೆ. ಎಲ್ಲರೂ ಮೊದಲು ಕೇಳುವುದು ಕಂಟೇನರಿನ ಕ್ರೀಡಾಂಗಣದ ಬಗ್ಗೆ. ಹೌದು, ಹಡಗಿನ 974 ಕಂಟೇನರುಗಳನ್ನು ಉಕ್ಕಿನ ಚೌಕಟ್ಟಿಗೆ ಸೇರಿಸಿ ಕಟ್ಟಿದ್ದು, ಬಿಚ್ಚಿ ಬೇರೆ ಕಡೆಗೆ ಒಯ್ಯಲು ಬರುವ ಹಾಗೆ. ಸಮುದ್ರದ ಗಾಳಿ ಸಿಗುತ್ತದೆಂದು ಅದಕ್ಕೆ ಎಸಿ ಕೂಡ ಇಟ್ಟಿರಲಿಲ್ಲ. ನೋಡಲು ಬಹಳ ಚಂದ. ಆದರೆ ವಿಶ್ವಕಪ್ ಮುಗಿದ ಕೂಡಲೇ ಅದನ್ನು ಬಿಚ್ಚಲಿಲ್ಲ, 2024ರ ಡಿಸೆಂಬರಿನಲ್ಲೂ ಅಲ್ಲಿ ಪಂದ್ಯ ನಡೆಯಿತು. ಬಿಚ್ಚಬಹುದು ಎನ್ನುವುದು ಬೇರೆ, ಬಿಚ್ಚಿ ಮತ್ತೊಂದು ಊರಲ್ಲಿ ನಿಲ್ಲಿಸುವುದು ಬೇರೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಕ್ರೀಡಾಂಗಣ ಅಲ್ಲ, ಜನರ ಓಡಾಟ. ಎಂಟೂ ಕ್ರೀಡಾಂಗಣಗಳು ದೋಹಾದ ಆಸುಪಾಸಿನಲ್ಲೇ ಇದ್ದವು. ಹಯ್ಯಾ ಕಾರ್ಡ್ (ಪ್ರೇಕ್ಷಕರಿಗೆ ಕೊಟ್ಟ ಪ್ರವೇಶದ ಗುರುತು ಕಾರ್ಡ್) ಇದ್ದವರಿಗೆ ಮೆಟ್ರೋ ಪುಕ್ಕಟೆ. ಗೇಟಿನಿಂದ ಸ್ಟೇಶನ್ನಿನವರೆಗೆ ಜನರಿಗೆ ದಾರಿ ತೋರಿಸುವುದೇ ನಮ್ಮಲ್ಲಿ ಎಷ್ಟೋ ಜನರ ಕೆಲಸ. ಇಷ್ಟೆಲ್ಲ ಇದ್ದರೂ ಲೆಕ್ಕ ಏನು ಗೊತ್ತುಂಟಾ? ಕೂಟಕ್ಕೆ ಮೊದಲು ಅದನ್ನು ನಡೆಸುವವರೇ ಹಾಕಿದ ಅಂದಾಜು ಸುಮಾರು 36 ಲಕ್ಷ ಟನ್ ಇಂಗಾಲದ ಹೊಗೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಯಾಣದ್ದೇ, ಅದರಲ್ಲೂ ವಿಮಾನದ್ದು. ಹಾಗಾಗಿ ನನ್ನ ಮಾತು ಇಷ್ಟೆ: ಕಸದ ಬುಟ್ಟಿ ಎಷ್ಟು ಬೇಕೆಂದು ಕೂತು ಯೋಚಿಸುವ ಮೊದಲು, ಜನ ಹೇಗೆ ಬರುತ್ತಾರೆ, ಹೇಗೆ ವಾಪಸು ಹೋಗುತ್ತಾರೆ ಎಂದು ಯೋಚಿಸಿ. ಲಂಡನ್ 2012ರಲ್ಲಿ ಲಂಡನ್ನಿನ ಪಂದ್ಯಗಳ ಟಿಕೆಟ್ಟಿನ ಜೊತೆಗೆ ಆ ದಿನದ ಬಸ್ಸು, ರೈಲಿನ ಪಾಸನ್ನೂ ಕೊಟ್ಟಿದ್ದರು.

ನಮ್ಮ ಕಡೆ ಫೈನಲ್ ಶುರುವಾಗುವುದು ಬೆಳಗಿನ ಜಾವಕ್ಕೆ. ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಹಾಗಾಗಿ ಬಸ್ಸಿನಲ್ಲಿ ಬರಬಹುದಾದವನೂ ಬೈಕು, ಜೀಪು ಮಾಡಿಕೊಂಡು ಬರುತ್ತಾನೆ. ಉದ್ಘಾಟನೆಯ ಭಾಷಣ ಕಮ್ಮಿ ಮಾಡಿ ಸಂಜೆ ನಾಲ್ಕಕ್ಕೇ ಮೊದಲ ಪಂದ್ಯ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಕಳೆಯಿತು. ದೂರದ ತಂಡಗಳಿಗೆ ರೈಲಿನ ಸಮಯವನ್ನು ಆಮಂತ್ರಣದಲ್ಲೇ ಬರೆದು ಕಳಿಸಿ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ, ಅವರಿಗೆ ಕಾಸರಗೋಡು ಅಥವಾ ಮಂಗಳೂರಿನಿಂದ ಬರುವ ದಾರಿ ಹೇಳಬೇಕು.

ಉತ್ತರ (ಬದಿಯಡ್ಕ, ನಿವೃತ್ತ ಪಿ.ಟಿ. ಮಾಷ್ಟ್ರು)

2015ರಲ್ಲಿ ಕೇರಳದಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕೇರಳ ಸರ್ಕಾರದ ಶುಚಿತ್ವ ಮಿಷನ್ ಅಲ್ಲಿ ಗ್ರೀನ್ ಪ್ರೊಟೊಕಾಲ್ ಎಂದು ಜಾರಿ ಮಾಡಿತ್ತು. ಒಮ್ಮೆ ಬಳಸಿ ಬಿಸಾಡುವ ತಟ್ಟೆ ಲೋಟದ ಬದಲು ಸ್ಟೀಲಿನದು, ನೋಡಿಕೊಳ್ಳಲು ಸ್ವಯಂಸೇವಕರು. ಈಗ ಮದುವೆಗೂ ಉರೂಸಿಗೂ ಜಾತ್ರೆಗೂ ನಾವು ಕೇಳುವ ಗ್ರೀನ್ ಪ್ರೊಟೊಕಾಲ್ ಎಂಬ ಮಾತು ಮನೆಮಾತಾದದ್ದು ಆ ಕೂಟದ ನಂತರ. ಒಂದು ಕ್ರೀಡಾಕೂಟ ಇಡೀ ರಾಜ್ಯದ ರೂಢಿಯನ್ನು ಬದಲಾಯಿಸಿತು, ಇದನ್ನು ನಿಮ್ಮ ಕಮಿಟಿಯವರಿಗೆ ಗಟ್ಟಿಯಾಗಿ ಹೇಳಿ. ಒಲಿಂಪಿಕ್ಸಿನವರಿಗಿಂತ ಮೊದಲು ನಾವು ನೋಡಬೇಕಾದ್ದು ಇದನ್ನು.

ಗ್ಯಾಲರಿ ವಿಷಯ. ಲಂಡನ್ನಿನ ಒಲಿಂಪಿಕ್ ಕ್ರೀಡಾಂಗಣದ 80,000 ಆಸನಗಳಲ್ಲಿ 55,000 ಆಸನ ತೆಗೆಯಬಹುದಾದ ಹಾಗೆ ವಿನ್ಯಾಸ ಮಾಡಿದ್ದರು. ಪ್ಯಾರಿಸ್ 2024ಕ್ಕೆ ಬಳಸಿದ ತಾಣಗಳಲ್ಲಿ ಶೇ. 95ರಷ್ಟು ಮೊದಲೇ ಇದ್ದವು ಅಥವಾ ತಾತ್ಕಾಲಿಕವಾಗಿ ಎಬ್ಬಿಸಿದವು. ಅಥೆನ್ಸ್ 2004ರ ಎಷ್ಟೋ ಕ್ರೀಡಾಂಗಣಗಳು ಆಮೇಲೆ ಹಾಳುಬಿದ್ದದ್ದನ್ನು ನೋಡಿಯೇ ಜಗತ್ತು ಈ ದಾರಿಗೆ ಬಂದದ್ದು. ನಮ್ಮಲ್ಲಿ ಅಡಿಕೆ ಮರ, ಬಿದಿರು ಕಟ್ಟಿ ಗ್ಯಾಲರಿ ಮಾಡಿ, ಮುಗಿದ ಮೇಲೆ ಬಿಚ್ಚಿ ತೋಟದ ಕೆಲಸಕ್ಕೆ ಒಯ್ಯುವುದು ಹಿಂದಿನಿಂದಲೂ ಉಂಟು. ಒಂದೇ ಎಚ್ಚರಿಕೆ: ಹಸಿ ಮರ, ಹಳೆ ಹಗ್ಗ ಬೇಡ. ಎಷ್ಟು ಜನ ಹತ್ತಬಹುದೆಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಜನರ ಜೀವಕ್ಕಿಂತ ಯಾವ ಪರಿಸರವೂ ದೊಡ್ಡದಲ್ಲ. ಬಾಡಿಗೆಯ ಕಬ್ಬಿಣದ ಗ್ಯಾಲರಿಯಾದರೂ ಸರಿಯೇ, ಅದು ವಾಪಸು ಹೋಗುತ್ತದೆ. ಮ್ಯಾಟ್ ಹೊಸತು ಕೊಳ್ಳಬೇಡಿ, ಪಕ್ಕದ ಕ್ಲಬ್ಬಿನದ್ದು ಕೇಳಿ.

ಉತ್ತರ (ಕುಂಬಳೆ ಕಡೆ, ಹರಿತ ಕರ್ಮ ಸೇನೆ)

ನಾನು ಮನೆಮನೆಯಿಂದ ಪ್ಲಾಸ್ಟಿಕ್ ತೆಗೆದುಕೊಂಡು ಬರುವ ಕೆಲಸದವಳು. ನಮ್ಮ ಕಡೆಯ ಮಾತನ್ನೂ ಕೇಳಿ. ಪಂದ್ಯಾಟದವರು ಸಾಮಾನ್ಯವಾಗಿ ನಮಗೆ ಫೋನ್ ಮಾಡುವುದು ಎಲ್ಲ ಮುಗಿದ ಮೇಲೆ. ಆಗ ಬಾಟ್ಲಿ, ಅನ್ನ, ಮೀನಿನ ಮುಳ್ಳು, ಬೀಡಿ ತುಂಡು ಎಲ್ಲ ಒಂದೇ ಚೀಲದಲ್ಲಿ. ಅದನ್ನು ಬೇರೆ ಮಾಡಲು ಕೂರುವುದು ನಾವೇ ಹೆಂಗಸರು. ಪಂಚಾಯತಿಯ ಒಣ ಕಸ ಸಂಗ್ರಹಿಸುವ ಕೇಂದ್ರಕ್ಕೆ (ಎಂಸಿಎಫ್) ಹೋಗುವುದು ಶುದ್ಧವಾಗಿ ಒಣಗಿದ ಪ್ಲಾಸ್ಟಿಕ್ ಮಾತ್ರ, ಅನ್ನ ಮೆತ್ತಿದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಕನಿಷ್ಠ 3 ದಿನ ಮೊದಲು ಪಂಚಾಯತಿಗೆ ತಿಳಿಸಬೇಕೆಂದು ಈಗ ನಿಯಮ ಉಂಟು, ಕಸ ಸಾಗಿಸಲು ಫೀಸೂ ಉಂಟು. ನೀವು ಮೂರು ದಿನ ಎಂದು ಕಾಯಬೇಡಿ, ಕಮಿಟಿ ಮೀಟಿಂಗಿಗೇ ನಮ್ಮಲ್ಲಿ ಒಬ್ಬರನ್ನು ಕರೆಯಿರಿ. ಪೇಪರ್ ಕಪ್ಪು ಕಾಗದದ್ದೆಂದು ಎಲ್ಲರೂ ತಿಳಿದಿದ್ದಾರೆ, ಅದರ ಒಳಗೆ ಪ್ಲಾಸ್ಟಿಕ್ಕಿನ ಪದರ ಉಂಟು. ಕೇರಳದಲ್ಲಿ 2020ರ ಜನವರಿಯಿಂದಲೇ ಅದು ನಿಷೇಧ. ಮೈದಾನದ ನಡುವೆ ಬುಟ್ಟಿ ಇಡುವುದಕ್ಕಿಂತ ಅಂಗಡಿಗಳ ಎದುರು, ಹೊರಗೆ ಹೋಗುವ ದಾರಿಯಲ್ಲಿ ಇಡಿ. ಪ್ರತಿ ಬುಟ್ಟಿಯ ಹತ್ತಿರ ಒಬ್ಬ ಹುಡುಗ ನಿಲ್ಲಲಿ. ಆಳಿಲ್ಲದ ಬುಟ್ಟಿಗೆ ಎಲ್ಲವೂ ಬೀಳುತ್ತದೆ. ಮತ್ತೆ, ನಮಗೆ ಆ ರಾತ್ರಿಯ ಸಂಬಳ ಕೊಡಿ. ಸನ್ಮಾನ, ಶಾಲು ಬೇಡ.

ಉತ್ತರ (ಪೆರ್ಲ, ಅಡಿಗೆಯವರು)

ಊಟಕ್ಕೆ ಸ್ಟೀಲೋ ಅಡಿಕೆ ಹಾಳೆಯ ತಟ್ಟೆಯೋ ಎಂದು ಜಗಳ ಬರುತ್ತದೆ ನೋಡಿ. ತೊಳೆಯಲು ನೀರೂ ಜನವೂ ಇದ್ದರೆ ಸ್ಟೀಲು. ದೇವಸ್ಥಾನ, ಮಸೀದಿ ಕಮಿಟಿಯವರ ಹತ್ತಿರ, ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯವರ ಹತ್ತಿರ ಕೇಳಿದರೆ ಸಿಗುತ್ತದೆ. ಶಾಲೆಯ ಬಾವಿ ಜನವರಿಯಲ್ಲೇ ತಳ ಕಾಣುವಂಥದ್ದಾದರೆ ಹಾಳೆ ತಟ್ಟೆಯೇ ಲೇಸು, ಅದು ತೋಟದ ಬುಡಕ್ಕೆ ಹೋಗುತ್ತದೆ. ಆಟಗಾರರಿಗೆ ಬಾಳೆ ಎಲೆ ಹಾಕಿ ಕೂರಿಸಿ ಬಡಿಸಿ, ಎಲೆ ದನಕ್ಕಾಯಿತು. ನೀರಿಗೆ ದೊಡ್ಡ ಹಂಡೆಯಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು, ಪುನರ್ಪುಳಿ ಶರಬತ್ತು, ಸ್ಟೀಲ್ ಲೋಟ. ಬಾಟ್ಲಿ ನೀರು ಮಾರುವ ಅಂಗಡಿಯವರಿಗೆ ಏಲಂ ಕೊಡುವಾಗಲೇ ಶರತ್ತು ಹಾಕಿ. ಪ್ಯಾರಿಸ್ಸಿನಲ್ಲಿ ಮತ್ತೆ ಮತ್ತೆ ಬಳಸುವ ಲೋಟ ತಂದರು, ಆದರೆ ಕೆಲವು ಕಡೆ ಪ್ಲಾಸ್ಟಿಕ್ ಬಾಟ್ಲಿಯಿಂದಲೇ ಆ ಲೋಟಕ್ಕೆ ಹೊಯ್ದು ಕೊಟ್ಟರೆಂದು ಟೀಕೆ ಬಂತು. ಲೋಟ ಬದಲಾದರೆ ಸಾಲದು, ಹಂಡೆಯಿಂದ ಲೋಟದವರೆಗಿನ ದಾರಿ ಬದಲಾಗಬೇಕು. ಎಷ್ಟು ಜನಕ್ಕೆ ಊಟ ಎನ್ನುವ ಲೆಕ್ಕವನ್ನು ತಂಡಗಳ ಮ್ಯಾನೇಜರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಉತ್ತರ (ಬೆಂಗಳೂರು, ಊರು ಮುಳ್ಳೇರಿಯ)

ಕರೆಂಟಿನ ಬಗ್ಗೆ ಯಾರೂ ಬರೆಯಲಿಲ್ಲ. ನಾನು ವಿದ್ಯುತ್ ಕೆಲಸದವನು. ಪ್ಯಾರಿಸ್ಸಿನವರು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಆಟದ ತಾಣಗಳನ್ನು ನೇರವಾಗಿ ಊರಿನ ವಿದ್ಯುತ್ ಜಾಲಕ್ಕೆ ಜೋಡಿಸಿ ಡೀಸೆಲ್ ಜನರೇಟರನ್ನು ಆದಷ್ಟು ದೂರ ಇಟ್ಟದ್ದು. ನೀವೂ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಗೆ ತಾತ್ಕಾಲಿಕ ಸಂಪರ್ಕಕ್ಕೆ ಈಗಲೇ ಅರ್ಜಿ ಹಾಕಿ. ಜನರೇಟರ್ ಇರಲಿ, ಕರೆಂಟು ಹೋದರೆ ಮಾತ್ರ. ಹಳೆ ಹ್ಯಾಲೊಜನ್ ದೀಪ ಬೇಡ, ಎಲ್‌ಇಡಿ ಫ್ಲಡ್‌ಲೈಟ್ ಬಾಡಿಗೆಗೆ ಸಿಗುತ್ತದೆ. ದೀಪ ಅಂಕಣದ ಮೇಲೆ ಬೀಳಲಿ, ಪಕ್ಕದ ಮನೆಯ ಕಿಟಕಿಗೆ ಬೇಡ. ಮೈಕಿನ ಸದ್ದಿಗೂ ಇದೇ ಮಾತು, ಪರಿಸರದಲ್ಲಿ ಪರೀಕ್ಷೆಗೆ ಓದುವ ಮಕ್ಕಳೂ ಸೇರಿದ್ದಾರೆ. ಇಲ್ಲಿಯ ಚಿನ್ನಸ್ವಾಮಿ ಕ್ರೀಡಾಂಗಣದ ಮಾಡಿನ ಮೇಲೆ 2015ರಿಂದಲೇ ಸೋಲಾರ್ ಇದೆ, 2024ರ ನೀರಿನ ಬರದಲ್ಲಿ ಮೈದಾನಕ್ಕೆ ಸಂಸ್ಕರಿಸಿದ ನೀರು ಹಾಕಿದರು. ಎರಡು ರಾತ್ರಿಗೆಂದು ನೀವು ಸೋಲಾರ್ ಹಾಕುವ ಅಗತ್ಯ ಇಲ್ಲ. ಬೆಳ್ಳಿಹಬ್ಬದ ನೆನಪಿಗೆ ಶಾಲೆಯ ಮಾಡಿಗೆ ಹಾಕಿಸುವುದಾದರೆ ಅದು ವರ್ಷವಿಡೀ ಉಪಯೋಗ.

ಮತ್ತೆ ಉಪ್ಪಳದವರಿಂದ

ಒಂದು ಬಿಟ್ಟುಹೋಗಿತ್ತು. ಬ್ಯಾನರಿನಲ್ಲಿ ಹಸಿರು ಪಂದ್ಯಾಟ ಎಂದು ಬರೆಯುವ ಆಸೆ ಬರುತ್ತದೆ. ಕತಾರ್ ಕೂಟವನ್ನು ಇಂಗಾಲ ಸಮತೋಲದ್ದು, ಅಂದರೆ ಬಿಟ್ಟ ಹೊಗೆಯಷ್ಟನ್ನೂ ಬೇರೆ ಕಡೆ ಸರಿದೂಗಿಸಿದ್ದು ಎಂದು ಪ್ರಚಾರ ಮಾಡಿದ್ದಕ್ಕೆ, ಜಾಹೀರಾತುಗಳನ್ನು ಪರಿಶೀಲಿಸುವ ಸ್ವಿಟ್ಜರ್ಲೆಂಡಿನ ಮಂಡಳಿ 2023ರಲ್ಲಿ ಆ ಮಾತು ಜನರನ್ನು ದಾರಿ ತಪ್ಪಿಸುತ್ತದೆ ಎಂದು ಹೇಳಿತು. ಲಂಡನ್ ಕೂಟದ ಕಾಲಕ್ಕೆ ಐಎಸ್‌ಒ 20121 ಎಂಬ ಮಾನದಂಡ ಬಂತು, ಕೂಟ ನಡೆಸುವವರು ಮೊದಲೇ ಗುರಿ ಬರೆದಿಟ್ಟು, ನಡೆಸಿ, ಆಮೇಲೆ ಅಳೆಯಬೇಕೆನ್ನುವುದು ಅದರ ತಿರುಳು. ನಮಗೆ ಸರ್ಟಿಫಿಕೇಟು ಬೇಡ, ಅಡಿಕೆ ತೂಗುವ ತಕ್ಕಡಿ ಸಾಕು. ಎಷ್ಟು ಕಿಲೋ ಕಸ, ಎಷ್ಟು ಲೀಟರ್ ಡೀಸೆಲ್, ಎಷ್ಟು ಊಟ ಉಳಿಯಿತು, ಈ ಮೂರನ್ನು ಬರೆದು ಬಹುಮಾನ ವಿತರಣೆಯಲ್ಲಿ ಓದಿ. ಮುಂದಿನ ವರ್ಷದವರಿಗೆ ಹಿಡಿಯಲು ಒಂದು ಆಧಾರ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬ ಉಪಕಾರ. ನಿನ್ನೆಯ ಮೀಟಿಂಗಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಸಂಜೆ ನಾಲ್ಕಕ್ಕೆ ಶುರು ಎಂದು ನಿಶ್ಚಯ ಆಯಿತು, ಫ್ಲೆಕ್ಸ್ ಬದಲು ಬಟ್ಟೆಯ ಬ್ಯಾನರ್, ಮ್ಯಾಟ್ ಪಕ್ಕದ ಕ್ಲಬ್ಬಿನದ್ದು. ಹರಿತ ಕರ್ಮ ಸೇನೆಯ ಅಕ್ಕನವರ ಮಾತು ಕೇಳಿ ಎಲ್ಲರೂ ಒಪ್ಪಿದರು, ಅವರ ಸಂಬಳವನ್ನು ಮೊದಲ ಖರ್ಚಿನ ಪಟ್ಟಿಯಲ್ಲೇ ಸೇರಿಸಿದ್ದೇವೆ. ಗ್ಯಾಲರಿ ಬಗ್ಗೆ ಮಾಷ್ಟ್ರು ಹೇಳಿದ ಹಾಗೆ ಒಬ್ಬ ಇಂಜಿನಿಯರರನ್ನು ಕರೆಯುತ್ತೇವೆ. ಬಸ್ಸಿನದ್ದು ಮಾತ್ರ ಇನ್ನೂ ಆಗಿಲ್ಲ. ಫೈನಲ್ ಮುಗಿದ ಮೇಲೆ ಉಪ್ಪಳ, ಬಾಯಾರು, ಪೈವಳಿಕೆ ಕಡೆಗೆ ಜನರನ್ನು ಬಿಡಲು ಶಾಲಾ ಬಸ್ಸು ಕೇಳಬೇಕೆಂದಿದ್ದೇವೆ. ರಾತ್ರಿ ಹೊತ್ತು ಹೀಗೆ ಶಾಲಾ ಬಸ್ಸು ಓಡಿಸಿದವರು ಇದ್ದರೆ ಪರವಾನಗಿ, ಡ್ರೈವರಿನ ಬತ್ತೆ, ಡೀಸೆಲ್ ಹೇಗೆ ಹೊಂದಿಸಿದಿರಿ ಎಂದು ತಿಳಿಸಿ.