ನಿಲ್ದಾಣದ ದಾರಿಗೆ ದೀಪ: ಭಾನುವಾರ ಸಹಿ ಸಂಗ್ರಹ

ಎರಡನೇ ಅಡ್ಡರಸ್ತೆಯ ನಿವಾಸಿ: ಎಲ್ಲರಿಗೂ ನಮಸ್ಕಾರ. ಬಡಾವಣೆಯಿಂದ ರೈಲು ನಿಲ್ದಾಣಕ್ಕೆ ಹೋಗುವ ಕಾಲುದಾರಿಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ. ಇಕ್ಕೆಲಗಳಲ್ಲೂ ಜಾಲಿ ಪೊದೆ ಎದೆಮಟ್ಟ ಬೆಳೆದಿದೆ. ನಸುಕಿನಲ್ಲಿ ಬೆಂಗಳೂರಿನ ಗಾಡಿ ಹಿಡಿಯುವ ಹೆಣ್ಣುಮಕ್ಕಳು ಮೊಬೈಲ್ ಬೆಳಕಿನಲ್ಲಿ ನಡೆಯುತ್ತಿದ್ದಾರೆ. ಮನವಿ ಕೊಡೋಣ.

ಗಣಿಯ ನಿವೃತ್ತ ನೌಕರರು: ಖಂಡಿತ ಕೊಡೋಣ. ಈ ರೈಲು ಮಾರ್ಗದ ಚರಿತ್ರೆಯೂ ಮನವಿಯಲ್ಲಿ ಇರಲಿ. ಅಂದಿನ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಹಳಿ ಹಾಕಿದ್ದೇ ಕೋಲಾರದ ಚಿನ್ನದ ಗಣಿಗಳಿಗಾಗಿ. ಸುಮಾರು 16 ಕಿಲೋಮೀಟರ್ ದಾರಿಯಲ್ಲಿ ಕೋರಮಂಡಲ, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಇಷ್ಟು ಹತ್ತಿರ ಹತ್ತಿರ ನಿಲ್ದಾಣಗಳು ಇರುವುದು ಗಣಿಗಳ ಸಾಲು ಹಾಗಿದ್ದುದರಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿದು ಬಂದದ್ದು ಇದೇ ಗಣಿಗಳಿಗೆ. ಅಂಥ ಊರಿನ ಮಕ್ಕಳು ಕತ್ತಲಲ್ಲಿ ನಡೆಯಬೇಕೆ? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಿಲ್ದಾಣದ ಕಡೆ ಯಾರೂ ತಿರುಗಿ ನೋಡದಂತಾದದ್ದು ಆಮೇಲೆಯೇ. ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ದಿನವೂ ಬೆಂಗಳೂರಿಗೆ ಹೋಗಿಬರುವವರು: ಸರ್, ನನ್ನ ತಂದೆಯೂ ಗಣಿಯಲ್ಲಿ ದುಡಿದವರು, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಮನವಿಯನ್ನು ಚಿನ್ನದಿಂದ ಆರಂಭಿಸಿದರೆ ಓದುವವರು ಇದನ್ನು ಮುಗಿದುಹೋದ ಊರು ಎಂದುಕೊಳ್ಳುತ್ತಾರೆ. ಗಣಿಯ ಸರಕು ನಿಂತಿತು, ಜನ ನಿಲ್ಲಲಿಲ್ಲ. ಗಣಿ ಕೆಲಸ ಕಳೆದುಕೊಂಡ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ದುಡಿದು ರಾತ್ರಿ ಊರಿಗೆ ಮರಳುವುದು ಇದೇ ಗಾಡಿಗಳಲ್ಲಿ. ಅಲ್ಲಿ ಮನೆ ಬಾಡಿಗೆ ಕಟ್ಟಿದರೆ ಸಂಬಳದಲ್ಲಿ ಏನು ಉಳಿಯುತ್ತದೆ? ಈ ರೈಲು ಇರುವುದರಿಂದಲೇ ನಾವು ಇನ್ನೂ ಈ ಊರಿನಲ್ಲಿದ್ದೇವೆ. ಮೊದಲ ಸಾಲಿನಲ್ಲಿ ಅದನ್ನೇ ಬರೆಯೋಣ. ಮಾಸಿಕ ಪಾಸ್ ಇರುವವರೆಲ್ಲ ಅದರ ನಕಲು ಪ್ರತಿ ಕೊಡಿ.

ಗಣಿಯ ನಿವೃತ್ತ ನೌಕರರು: ಸರಿಯಪ್ಪ, ನಿನ್ನ ಮಾತು ಒಪ್ಪುತ್ತೇನೆ. ಚರಿತ್ರೆ ಕೊನೆಯಲ್ಲಿ ನಾಲ್ಕು ಸಾಲಿರಲಿ, ಪೂರ್ತಿ ಬಿಡಬೇಡಿ.

ಮೂರನೇ ಅಡ್ಡರಸ್ತೆಯ ಗೃಹಿಣಿ: ಒಂದು ಮುಖ್ಯ ವಿಷಯ. ಕಾಲುದಾರಿಯ ಅರ್ಧ ಭಾಗ ನಗರಸಭೆಯದು, ಬೇಲಿಯ ಆಚೆಯದು ರೈಲ್ವೆಯದು. ಒಂದೇ ಅರ್ಜಿ ಕೊಟ್ಟರೆ ಅವರು ಇವರನ್ನು ತೋರಿಸುತ್ತಾರೆ, ಇವರು ಅವರನ್ನು. ಎರಡು ಅರ್ಜಿ ಬರೆಯೋಣ, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋಣ. ಕೆಟ್ಟ ದೀಪಗಳ ಕಂಬದ ಸಂಖ್ಯೆಗಳನ್ನು ನಾಳೆ ನಾನೇ ಬರೆದು ತರುತ್ತೇನೆ.

ಎರಡನೇ ಅಡ್ಡರಸ್ತೆಯ ನಿವಾಸಿ: ಬಹಳ ಉಪಕಾರವಾಯಿತು ಅಕ್ಕ. ಭಾನುವಾರ ಬೆಳಿಗ್ಗೆ 10 ಗಂಟೆಗೆ ಉದ್ಯಾನದ ಬಳಿ ಸೇರೋಣ. ರಾತ್ರಿ ಪಾಳಿ ಮುಗಿಸಿ ಬರುವವರ ಸಹಿಯನ್ನು ಸಂಜೆ ಮನೆಗೇ ಬಂದು ಪಡೆಯುತ್ತೇವೆ.